ಮಾವನ ಟ್ರಂಕಿನಲ್ಲಿ ಸಿಕ್ಕ ಹಳೆಯ ಕಾರ್ಟೂನ್ ರೀಲುಗಳು: ಇಟ್ಟುಕೊಳ್ಳಬೇಕೆ, ಏಕೆ?

ಕೋಥರೂಡಿನ ಧಾರವಾಡದವ (ಪ್ರಶ್ನೆ)

ನಮ್ಮ ಸೋದರಮಾವ ಬ್ಯಾಂಕಿನ ನೌಕರಿಗಾಗಿ ಧಾರವಾಡ ಬಿಟ್ಟು ಮುಂಬೈ ಸೇರಿದವರು. ಮಾಟುಂಗಾದ ಎರಡು ಕೋಣೆಯ ಮನೆಯಲ್ಲಿಯೇ ಆಯುಷ್ಯ ಕಳೆದರು. ಮದುವೆಯಾಗಲಿಲ್ಲ. ಸಂಬಳದಲ್ಲಿ ಉಳಿಸಿ ಒಂದು 16 ಮಿಲಿಮೀಟರ್ ಪ್ರೊಜೆಕ್ಟರ್ ಕೊಂಡಿದ್ದರು. ಗಣೇಶನ ಹಬ್ಬಕ್ಕೆ, ನಾಡಹಬ್ಬಕ್ಕೆ ಕಟ್ಟಡದ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಮಕ್ಕಳಿಗೆ ಕಾರ್ಟೂನ್ ತೋರಿಸುತ್ತಿದ್ದರು. ರಜೆಗೆಂದು ಹೋದ ನಾನು ಮುಂದೆ ಜಾಗ ಸಿಗದೆ ಪಂಚೆಯ ಹಿಂಬದಿಗೆ ಕುಳಿತು ಚಿತ್ರವನ್ನು ಎಡಬಲ ಅದಲುಬದಲಾಗಿ ನೋಡಿದ್ದುಂಟು.

ಕಳೆದ ವರ್ಷ ಅವರು ತೀರಿಕೊಂಡರು. ಪ್ರೊಜೆಕ್ಟರ್ ಎಂದೋ ಯಾರ ಕೈಗೋ ಹೋಗಿದೆ. ನನ್ನ ಪಾಲಿಗೆ ಬಂದದ್ದು ಒಂದು ಕಬ್ಬಿಣದ ಟ್ರಂಕು, ಅದರೊಳಗೆ ಒಂಬತ್ತು ತಗಡಿನ ಡಬ್ಬಿಗಳು. ಚಿತ್ರಗಳ ಇಂಗ್ಲಿಷ್ ಹೆಸರು ಬರೆಯುವ ಗೋಜಿಗೆ ಹೋಗದೆ, ಪರದೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ಮಾವ ಕನ್ನಡದಲ್ಲಿ ಚೀಟಿ ಬರೆದು ಅಂಟಿಸಿದ್ದಾರೆ: ‘ಕಪ್ಪು ಬೆಕ್ಕು, ಬಾಲ ಕಳಚುವುದು’, ‘ಕೋಡಂಗಿ ದೌತಿಯಿಂದ ಏಳುವುದು’, ‘ಮೂಳೆಗಳ ಕುಣಿತ’, ‘ಹೂವು, ಮರ, ಬಣ್ಣದ್ದು’, ‘ಆಲದ ಜಿಂಕೆ’ ಇತ್ಯಾದಿ. ಟ್ರಂಕಿನ ಮುಚ್ಚಳ ತೆಗೆದಾಗ ಉಪ್ಪಿನಕಾಯಿಯ ಭರಣಿ ತೆರೆದಂತೆ ಹುಳಿ ವಾಸನೆ ಬಂತು.

ಮಗಳು ಹೇಳುವುದು, ಇವೆಲ್ಲ ಮೊಬೈಲಿನಲ್ಲೇ ಸಿಗುತ್ತವೆ, ತಗಡನ್ನು ನಮ್ಮ ಪುಣೆಯ ಜುನಾ ಬಜಾರಿನ ಗುಜರಿಯವರಿಗೆ ಕೊಟ್ಟುಬಿಡಿ ಎಂದು. ಅವಳ ಮಾತನ್ನು ತೆಗೆದುಹಾಕುವುದಕ್ಕೆ ನನ್ನ ಬಳಿ ಕಾರಣವಿಲ್ಲ, ಒಪ್ಪಿಕೊಳ್ಳುವುದಕ್ಕೆ ಮನಸ್ಸಿಲ್ಲ. ಈ ಆರಂಭಕಾಲದ ಕಿರು ಕಾರ್ಟೂನುಗಳಲ್ಲಿ ಜನರನ್ನು ಹಿಡಿದಿಡುವುದಾದರೂ ಏನು? ಸಂಗ್ರಹಕಾರರು ಇವುಗಳಲ್ಲಿ ಏನನ್ನು ನೋಡುತ್ತಾರೆ? ಬಲ್ಲವರು ದಯವಿಟ್ಟು ತಿಳಿಸಬೇಕು.

ಮಾಟುಂಗಾ ಆಪರೇಟರ್

ಸೊಬಗಿನ ಮಾತು ಆಮೇಲೆ. ಮೊದಲು ಟ್ರಂಕಿನ ಮುಚ್ಚಳ ತೆಗೆದಿಡಿ, ಕೋಣೆಯ ಕಿಟಕಿಯನ್ನೂ ತೆರೆಯಿರಿ. ಯಾರಾದರೂ ಪ್ರೊಜೆಕ್ಟರ್ ಇದೆ, ಹಾಕಿ ನೋಡೋಣ ಎಂದರೆ ಸದ್ಯಕ್ಕೆ ಒಪ್ಪಬೇಡಿ. ನಾನು ಈ ಯಂತ್ರಗಳ ಹಿಂದೆ ಬಹಳ ವರ್ಷ ನಿಂತವನು. ಒಮ್ಮೆ ಪರಿಚಯದ ಅಂಗಡಿಯವರೊಬ್ಬರು ಪರೀಕ್ಷೆಗೆಂದು ನನ್ನದೇ ಒಂದು ರೀಲನ್ನು ಓಡಿಸಿ, ಐವತ್ತು ಅಡಿಯಷ್ಟು ತೂತುಗಳನ್ನು ಸಾಲಾಗಿ ಹರಿದುಕೊಟ್ಟರು. ಫಿಲ್ಮು ಸೆಡೆತುಕೊಂಡಿದ್ದರೆ ತೂತುಗಳ ನಡುವಿನ ಅಂತರ ಕುಗ್ಗಿರುತ್ತದೆ, ಯಂತ್ರದ ಹಲ್ಲುಗಳ ಅಂತರವಾದರೋ ಕುಗ್ಗುವುದಿಲ್ಲ. ನೂರಕ್ಕೆ ಒಂದು ಭಾಗ ಕುಗ್ಗಿದರೂ ಸಾಕು, ಹಲ್ಲು ತೂತನ್ನು ಸೀಳಿಕೊಂಡು ಹೋಗುತ್ತದೆ.

ಹುಳಿ ವಾಸನೆ ಅಸಿಟೇಟ್ ಎಂಬ ಪ್ಲಾಸ್ಟಿಕ್ಕಿನ ಆಧಾರಪದರವುಳ್ಳ ಫಿಲ್ಮಿನ ಕಾಯಿಲೆ. ಸೆಕೆಯೂ ತೇವವೂ ಸೇರಿದಾಗ ಫಿಲ್ಮಿನ ಆಧಾರಪದರ ಒಡೆದು ಅಸಿಟಿಕ್ ಆಮ್ಲ, ಅಂದರೆ ವಿನೆಗರಿನಲ್ಲಿರುವ ಆಮ್ಲವೇ, ಹೊರಬರುತ್ತದೆ. ಆ ಆಮ್ಲ ಮತ್ತೆ ಒಡೆತವನ್ನು ಚುರುಕುಗೊಳಿಸುತ್ತದೆ. ಒಂದು ರೀಲಿನ ಆವಿ ಪಕ್ಕದ ರೀಲಿಗೂ ತಗಲುವುದರಿಂದ ಒಂಬತ್ತನ್ನೂ ಬೇರೆ ಬೇರೆ ಇಟ್ಟು, ಯಾವುದು ನಾರುತ್ತದೆ, ಯಾವುದು ಇಲ್ಲ ಎಂದು ಪ್ರತ್ಯೇಕಿಸಿ. ಮುಂಬೈ ಮಳೆಗಾಲದ ನಾಲ್ಕು ತಿಂಗಳು ಈ ಕಾಯಿಲೆಗೆ ಹೇಳಿ ಮಾಡಿಸಿದ ಹವೆ. ನಿಮ್ಮ ಪುಣೆ ಅಷ್ಟು ಕೆಟ್ಟದ್ದಲ್ಲ. ತುಕ್ಕು ಹಿಡಿದ ತಗಡು ಬಿಟ್ಟು, ಗಾಳಿಯಾಡುವ ಪ್ಲಾಸ್ಟಿಕ್ ಡಬ್ಬಿಗಳಿಗೆ ಬದಲಾಯಿಸಿ. ಅಟ್ಟದ ಮೇಲಂತೂ ಇಡಲೇಬೇಡಿ.

ಬೆಂಕಿಯ ಭಯ ಬೇಡ. 1950ರ ಹಿಂದಿನ 35 ಮಿಲಿಮೀಟರ್ ಫಿಲ್ಮು ಬಹುಪಾಲು ನೈಟ್ರೇಟ್ ಎಂಬ, ಬೇಗ ಹೊತ್ತಿಕೊಳ್ಳುವ ಆಧಾರಪದರದ್ದು. ಅದು ಹೊತ್ತಿಕೊಂಡರೆ ಉರಿಯಲು ಬೇಕಾದ ಆಮ್ಲಜನಕವನ್ನು ತಾನೇ ಕೊಟ್ಟುಕೊಳ್ಳುವುದರಿಂದ ನೀರಿನಲ್ಲಿ ಮುಳುಗಿಸಿದರೂ ಆರುವುದಿಲ್ಲ. ಆದರೆ 16 ಮಿಲಿಮೀಟರನ್ನು ಕೊಡಾಕ್ ಕಂಪನಿ 1923ರಲ್ಲಿ ಹೊರತಂದದ್ದೇ ಮನೆಗಳಲ್ಲಿ ಬಳಸುವುದಕ್ಕೆ, ಆದ್ದರಿಂದ ಮೊದಲಿನಿಂದಲೂ ಸುಲಭವಾಗಿ ಹೊತ್ತಿಕೊಳ್ಳದ ಅಸಿಟೇಟ್ ಆಧಾರಪದರದ ಮೇಲೆ.

ಇನ್ನು ಗುರುತು ಹಿಡಿಯುವ ಕೆಲಸ. ಕೈ ತೊಳೆದು ಒರೆಸಿಕೊಂಡು, ಪ್ರತಿ ರೀಲಿನ ಮೊದಲ ಮೂರು ಅಡಿಯನ್ನು ಮಾತ್ರ ಬಿಚ್ಚಿ, ಅಂಚನ್ನಷ್ಟೇ ಹಿಡಿದು ಬೆಳಕಿಗೆ ಹಿಡಿಯಿರಿ. ಎರಡೂ ಅಂಚಿನಲ್ಲಿ ತೂತುಗಳಿದ್ದರೆ ಅದು ಮೂಕಿ ಪ್ರಿಂಟು. ಒಂದೇ ಅಂಚಿನಲ್ಲಿ ತೂತುಗಳಿದ್ದು ಇನ್ನೊಂದು ಅಂಚಿನಲ್ಲಿ ಅಲೆಯಲೆಯಾದ ಪಟ್ಟಿ ಓಡಿದ್ದರೆ ಅದು ಧ್ವನಿಯುಳ್ಳದ್ದು. ಅಂಚಿನ ಮೇಲೆ ಕಂಪನಿಯ ಹೆಸರಿನ ಪಕ್ಕದಲ್ಲಿ ವೃತ್ತ, ಚೌಕ, ತ್ರಿಕೋನದ ಚಿಕ್ಕ ಗುರುತುಗಳಿದ್ದರೆ ಬರೆದುಕೊಳ್ಳಿ. ಕೊಡಾಕಿನವರು ಫಿಲ್ಮು ತಯಾರಾದ ವರ್ಷವನ್ನು ಹಾಗೆ ಸೂಚಿಸುತ್ತಿದ್ದರು. ಅದೇ ಗುರುತು 20 ವರ್ಷಗಳ ನಂತರ ಮತ್ತೆ ಬರುತ್ತದೆ, ಆದ್ದರಿಂದ ಗುರುತೊಂದನ್ನೇ ನಂಬಿ 1929 ಎಂದು ಕುಣಿಯಬೇಡಿ, 1949 ಇರಬಹುದು. ಕಪ್ಪುಬಿಳುಪು ಪ್ರಿಂಟಿನಲ್ಲಿ ಅಂಚಿನ ಅಕ್ಷರ ಕಪ್ಪಾಗಿದ್ದರೆ ಅದು ನಿಮ್ಮ ಕೈಯಲ್ಲಿರುವ ಫಿಲ್ಮಿನದೇ. ಕಪ್ಪು ಅಂಚಿನೊಳಗೆ ಬೆಳ್ಳಗೆ ಕಂಡರೆ ಅದು ನೆಗೆಟಿವಿನಿಂದ ಇಳಿದು ಬಂದದ್ದು, ನಿಮ್ಮ ಪ್ರಿಂಟಿನ ವಯಸ್ಸನ್ನು ಹೇಳುವುದಿಲ್ಲ. ಇದನ್ನು ತಿಳಿಯದೆ ಮೋಸಹೋದವರನ್ನು ಚೋರ್ ಬಜಾರಿನಲ್ಲಿ ಬೇಕಾದಷ್ಟು ನೋಡಿದ್ದೇನೆ.

ಮಡಗಾಂವ್ ಡ್ರಾಯಿಂಗ್ ಟೀಚರ್

ಪಂಚೆಯ ಹಿಂಬದಿಯಿಂದ ನೋಡಿದ ಮಾತು ಓದಿ, ಇದಕ್ಕೆ ನಾನು ಉತ್ತರಿಸದೆ ಇರಲಾರೆ ಎನ್ನಿಸಿತು. ತೊಗಲುಗೊಂಬೆ ಆಟದ ಪರದೆಯನ್ನು ಹಿಂದಿನಿಂದ ನೋಡಿದವರಿಗೆ ಗೊತ್ತು: ಮುಂದಿನವರಿಗೆ ಕಾಣದ ಕೋಲು, ದಾರ, ಕೈ ಎಲ್ಲವೂ ಅಲ್ಲಿ ಕಾಣುತ್ತವೆ. ಆರಂಭಕಾಲದ ಕಾರ್ಟೂನಿನಲ್ಲಿ ಎದುರಿಗೆ ಕುಳಿತವರಿಗೂ ಆ ಕೈ ಕಾಣುತ್ತದೆ. ನನ್ನ ಮಟ್ಟಿಗೆ ಅದರ ಸೊಬಗು ಇರುವುದೆಲ್ಲ ಇಲ್ಲಿಯೇ.

ಅಮೆರಿಕದ ವ್ಯಂಗ್ಯಚಿತ್ರಕಾರ ವಿನ್ಸರ್ ಮೆಕೇ 1914ರಲ್ಲಿ ಒಂದು ಹೆಣ್ಣು ಡೈನೋಸಾರನ್ನು ಕುಣಿಸಿದಾಗ ಪಾರದರ್ಶಕ ಸೆಲ್ ಹಾಳೆಯ ಪದ್ಧತಿ ಇನ್ನೂ ಬಳಕೆಗೆ ಬಂದಿರಲಿಲ್ಲ. ಪ್ರಾಣಿ ಒಂದು ಹೆಜ್ಜೆ ಇಟ್ಟರೆ ಪ್ರಾಣಿಯನ್ನು ಮಾತ್ರವಲ್ಲ, ಅದರ ಹಿಂದಿನ ಬಂಡೆ, ಕೆರೆ, ಮರವನ್ನೂ ಹೊಸ ಕಾಗದದ ಮೇಲೆ ಮತ್ತೆ ಬರೆಯಬೇಕಾಗಿತ್ತು, ಅದೂ ಸಾವಿರಾರು ಸಲ. ಹಿನ್ನೆಲೆಯನ್ನು ಹೀಗೆ ನಕಲು ಮಾಡುವುದಕ್ಕೆಂದೇ ಒಬ್ಬ ಸಹಾಯಕನಿದ್ದ. ಎಷ್ಟು ಜಾಗರೂಕನಾದರೂ ಮನುಷ್ಯನ ಕೈ ಒಂದೇ ಗೆರೆಯನ್ನು ಎರಡು ಸಲ ಎಳೆಯಲಾರದು. ಹೀಗಾಗಿ ಆ ಚಿತ್ರದಲ್ಲಿ ಕಲ್ಲುಬಂಡೆಯೂ ಬಿಸಿಲುಗುದುರೆಯಂತೆ ಸಣ್ಣಗೆ ನಡುಗುತ್ತಿರುತ್ತದೆ. ತಪ್ಪೆಂದರೆ ತಪ್ಪು, ಆದರೆ ಆ ನಡುಕ ನಿಂತದ್ದೇ ನನಗೆ ಚಿತ್ರದ ಉಸಿರು ನಿಂತಂತೆ ಕಾಣುತ್ತದೆ. ಅಮೆರಿಕದ ಅರ್ಲ್ ಹರ್ಡ್ ಸೆಲ್ ಪದ್ಧತಿಗೆ ಪೇಟೆಂಟ್ ಪಡೆದ ಮೇಲೆ ಹಿನ್ನೆಲೆಯನ್ನು ಒಮ್ಮೆ ಬರೆದರೆ ಸಾಕಾಯಿತು, ಪಾತ್ರವೊಂದೇ ಅದರ ಮೇಲೆ ಚಲಿಸತೊಡಗಿತು. ಅದಿಲ್ಲದಿದ್ದರೆ ವಾರಕ್ಕೊಂದು ಚಿತ್ರ ಕೊಡುವ ಸ್ಟುಡಿಯೋಗಳು ಹುಟ್ಟುತ್ತಲೇ ಇರಲಿಲ್ಲ.

ನಿಮ್ಮ ಮಾವನ ಚೀಟಿಗಳ ಬಗ್ಗೆ ಹೇಳಬೇಕು, ಅವು ನನಗೆ ಬಹಳ ಹಿಡಿಸಿದವು. ‘ಬಾಲ ಕಳಚುವ ಕಪ್ಪು ಬೆಕ್ಕು’ ಫೀಲಿಕ್ಸ್ ಇರಬೇಕು. 1919ರಲ್ಲಿ ಪರದೆಗೆ ಬಂದ ಬೆಕ್ಕು ಅದು. ಅದರ ಬಾಲ ಬೇಕೆಂದಾಗ ಕಳಚಿ ಕೋಲಾಗುತ್ತದೆ, ಕೊಕ್ಕೆಯಾಗುತ್ತದೆ, ಪ್ರಶ್ನಾರ್ಥಕ ಚಿಹ್ನೆಯೇ ಆಗುತ್ತದೆ. ಹೆಸರು ಸ್ಟುಡಿಯೋದ ಮಾಲೀಕ ಪ್ಯಾಟ್ ಸಲಿವನ್‌ನದು, ಕೈ ಬಹುಪಾಲು ಆಟೊ ಮೆಸ್ಮರ್‌ನದು. ಬೆಕ್ಕಿಗೆ ಕಪ್ಪು ಮೈ ಏಕೆಂದರೆ, ಮೈಯೆಲ್ಲ ಕಪ್ಪು ತುಂಬಿಬಿಟ್ಟರೆ ಒಳಗಿನ ಗೆರೆಗಳನ್ನು ಬರೆಯುವ ಶ್ರಮ ಉಳಿಯುತ್ತದೆ, ಆಕೃತಿಯೂ ದೂರದಿಂದ ಸ್ಪಷ್ಟವಾಗಿ ಕಾಣುತ್ತದೆ. ಮೊಣಕೈ, ಮೊಣಕಾಲುಗಳಿಲ್ಲದ ರಬ್ಬರ್ ಕೊಳವೆಯಂಥ ಕೈಕಾಲುಗಳಿಗೂ ಇದೇ ಕಾರಣ: ಕೀಲು ಇದ್ದರೆ ಅದು ಎಲ್ಲಿ ಮಡಿಯಬೇಕೆಂದು ಪ್ರತಿ ಚಿತ್ರದಲ್ಲಿ ಲೆಕ್ಕ ಹಾಕಬೇಕು, ಕೊಳವೆಗೆ ಆ ತಾಪತ್ರಯವಿಲ್ಲ. ದುಡ್ಡು ಮತ್ತು ವೇಳೆ ಉಳಿಸಲು ಹೂಡಿದ ಉಪಾಯಗಳು ಒಂದು ಇಡೀ ಶೈಲಿಯಾದವು. ಮೈಮೇಲೆ ಹಿಡಿತವಿಲ್ಲದ, ಮರ್ಯಾದೆಯ ಹಂಗಿಲ್ಲದ ನಮ್ಮ ಕಿಳ್ಳೇಕ್ಯಾತನನ್ನು ಕಂಡವರಿಗೆ ಈ ಬೆಕ್ಕು ದೂರದ ನೆಂಟನಂತೆ ಕಂಡರೆ ಆಶ್ಚರ್ಯವೇನಿಲ್ಲ.

ದೌತಿಯಿಂದ ಏಳುವ ಕೋಡಂಗಿ ಅಮೆರಿಕದ ಕಾರ್ಟೂನ್ ತಯಾರಕರಾದ ಫ್ಲೈಷರ್ ಸಹೋದರರ ಕೊಕೊ. ಮ್ಯಾಕ್ಸ್ ಫ್ಲೈಷರ್ ತಮ್ಮ ಡೇವ್‌ಗೆ ಕೋಡಂಗಿಯ ವೇಷ ತೊಡಿಸಿ, ಕುಣಿಸಿ, ಅದನ್ನು ಚಿತ್ರೀಕರಿಸಿ, ಒಂದೊಂದೇ ಚೌಕಟ್ಟನ್ನು ಗಾಜಿನ ಮೇಲೆ ಮೂಡಿಸಿಕೊಂಡು ತಿದ್ದಿ ಬರೆದದ್ದು. ಆ ಯಂತ್ರಕ್ಕೆ ರೋಟೋಸ್ಕೋಪ್ ಎಂದು ಹೆಸರು, 1917ರಲ್ಲಿ ಪೇಟೆಂಟ್ ಸಿಕ್ಕಿತು. ಚಿತ್ರದೊಳಗೆ ಮ್ಯಾಕ್ಸ್‌ನ ನಿಜವಾದ ಕೈಯೇ ಕಾಣಿಸಿಕೊಂಡು ಪೆನ್ನಿನಿಂದ ಕೋಡಂಗಿಯನ್ನು ಬರೆಯುತ್ತದೆ, ಆತ ಎದ್ದು ಬರೆದವನಿಗೇ ಕಿರುಕುಳ ಕೊಡುತ್ತಾನೆ, ಕೊನೆಗೆ ದೌತಿಯೊಳಗೆ ಧುಮುಕುತ್ತಾನೆ. ಕೈ ಕಾಣುತ್ತದೆ ಎಂದು ನಾನು ಹೇಳಿದ್ದು ಅಲ್ಲಿ ಅಕ್ಷರಶಃ ನಿಜ.

‘ಮೂಳೆಗಳ ಕುಣಿತ’ 1929ರ ಡಿಸ್ನಿಯ ಅಸ್ಥಿಪಂಜರಗಳ ನೃತ್ಯವಾಗಿದ್ದರೆ ಅದನ್ನು ದಯವಿಟ್ಟು ಸದ್ದಿನೊಂದಿಗೇ ನೋಡಿ. ಅದರ ಬಹುಪಾಲು ಚಿತ್ರಗಳು ಡಿಸ್ನಿಯ ಚಿತ್ರಗಾರ ಅಬ್ ಐವರ್ಕ್ಸ್‌ನವು. ಹಿಂದಿನ ವರ್ಷ, 1928ರ ನವೆಂಬರ್ 18ರಂದು, ನ್ಯೂಯಾರ್ಕಿನಲ್ಲಿ ಮಿಕ್ಕಿಯ ‘ಸ್ಟೀಮ್‌ಬೋಟ್ ವಿಲಿ’ ತೆರೆ ಕಂಡಿತ್ತು. ಧ್ವನಿಯಿದ್ದ ಮೊದಲ ಕಾರ್ಟೂನು ಅದೆಂದು ಹಲವರು ಬರೆಯುತ್ತಾರೆ, ಅದು ಸರಿಯಲ್ಲ, ಫ್ಲೈಷರ್ ಸಹೋದರರು ಕೆಲವು ವರ್ಷ ಮೊದಲೇ ಹಾಡಿನ ಕಾರ್ಟೂನುಗಳಿಗೆ ಧ್ವನಿ ಕೂಡಿಸಿದ್ದರು. ಹೊಸದೇನೆಂದರೆ ಚಲನೆಯನ್ನೇ ತಾಳಕ್ಕೆ ಕಟ್ಟಿಹಾಕಿದ್ದು. ಸೆಕೆಂಡಿಗೆ 24 ಚೌಕಟ್ಟು ಎಂಬುದು ನಿಶ್ಚಿತವಾದ ಮೇಲೆ, 12 ಚೌಕಟ್ಟಿಗೊಂದು ಪೆಟ್ಟು ಎಂದು ಗೊತ್ತುಮಾಡಿ, ಹೆಜ್ಜೆ ಎಲ್ಲಿ ಬೀಳಬೇಕೆಂದು ಚಿತ್ರ ಬರೆಯುವ ಮೊದಲೇ ಸ್ವರಪ್ರಸ್ತಾರದಂಥ ಹಾಳೆಯ ಮೇಲೆ ಬರೆದಿಡಬಹುದಾಯಿತು. ಯಕ್ಷಗಾನದಲ್ಲಿ ಕುಣಿತ ಚೆಂಡೆಯನ್ನು ಬಿಟ್ಟು ಹೇಗೆ ಇರಲಾರದೋ ಹಾಗೆ ಈ ಚಿತ್ರಗಳು ವಾದ್ಯವನ್ನು ಬಿಟ್ಟು ಇರಲಾರವು.

ಡೊಂಬಿವಲಿ ಲೆಕ್ಕಿಗ

ಮೇಲಿನವರ ಬರಹ ಚೆನ್ನಾಗಿದೆ, ಆದರೆ ಪ್ರಶ್ನೆಯ ಅರ್ಧ ಸಂಗ್ರಹದ ಬಗ್ಗೆ. ಲಾಭದ ಆಸೆ ಇದ್ದರೆ ಈಗಲೇ ಬಿಡಿ. ಮನೆಬಳಕೆಗೆಂದು ಮಾರಿದ 16 ಮತ್ತು 8 ಮಿಲಿಮೀಟರ್ ಪ್ರಿಂಟುಗಳು ಹೇರಳವಾಗಿ ತಯಾರಾದವು. ಎಷ್ಟೋ ಸಲ ಅವು ಪೂರ್ತಿ ಚಿತ್ರವೂ ಅಲ್ಲ, ಏಳು ನಿಮಿಷದ ಧ್ವನಿಚಿತ್ರವನ್ನು ಕತ್ತರಿಸಿ, ಸದ್ದು ತೆಗೆದು, ಹೆಸರನ್ನೂ ಬದಲಾಯಿಸಿ ಮಾರಿದವು. ಮುಪ್ಪಾದ ವಸ್ತುವೆಲ್ಲ ಅಪರೂಪವಲ್ಲ. ಬೆಲೆ ಬರುವುದು ಮೂರು ಸಂದರ್ಭಗಳಲ್ಲಿ: ಬೇರೆಲ್ಲೂ ಉಳಿಯದ ಚಿತ್ರವಾಗಿದ್ದರೆ, ಉಳಿದ ಪ್ರತಿಗಳಲ್ಲಿಲ್ಲದ ಭಾಗ ನಿಮ್ಮದರಲ್ಲಿದ್ದರೆ, ಅಥವಾ ಬಣ್ಣ ಉಳಿದಿದ್ದರೆ.

ಬಣ್ಣದ ವಿಷಯ ಬಂತೆಂದು ಹೇಳುತ್ತೇನೆ. ಹೂವು ಮತ್ತು ಮರಗಳ ಚಿತ್ರ 1932ರದ್ದಾದರೆ, ಟೆಕ್ನಿಕಲರಿನ ಮೂರು ಬಣ್ಣಗಳ ಪೂರ್ಣ ಪದ್ಧತಿಯಲ್ಲಿ ಬಂದ ಮೊದಲ ಕಾರ್ಟೂನು ಅದು, ಕಾರ್ಟೂನಿಗೆ ಕೊಟ್ಟ ಮೊದಲ ಆಸ್ಕರ್ ಕೂಡ ಅದಕ್ಕೇ. ಆದರೆ ನಿಮ್ಮ ಡಬ್ಬಿಯಲ್ಲಿ ಇರುವುದು ಹೆಚ್ಚಾಗಿ ನಂತರದ ಮರುಮುದ್ರಣ. ರೀಲು ಪೂರ್ತಿ ಗುಲಾಬಿಯಾಗಿ ಕಂಡರೆ ಅದು ಈಸ್ಟ್‌ಮನ್‌ಕಲರ್; ಅದರ ನೀಲಿಹಸಿರು ಬಣ್ಣ ಮೊದಲು ಮಾಸಿ ಕೆಂಪು ಮಾತ್ರ ಉಳಿಯುತ್ತದೆ. ಬಣ್ಣವನ್ನು ಅಚ್ಚೊತ್ತುತ್ತಿದ್ದ ಟೆಕ್ನಿಕಲರ್ ಪ್ರಿಂಟುಗಳು ಮಾಸುವುದಿಲ್ಲ, ಸಂಗ್ರಹಕಾರರು ಅವುಗಳ ಹಿಂದೆ ಬೀಳುವುದು ಅದಕ್ಕೆ.

ಫಿಲ್ಮಿನ ಬದಲು ಸೆಲ್ ಹಾಳೆ ಕೊಳ್ಳಿ ಎಂದು ಯಾರಾದರೂ ಕಿವಿಯೂದಿದರೆ ಎಚ್ಚರವಿರಲಿ. ಮೊದಮೊದಲು ಸ್ಟುಡಿಯೋಗಳೇ ಅವನ್ನು ತೊಳೆದು ಮತ್ತೆ ಬಳಸುತ್ತಿದ್ದವು ಅಥವಾ ಎಸೆಯುತ್ತಿದ್ದವು; ಸ್ಯಾನ್‌ಫ್ರಾನ್ಸಿಸ್ಕೋದ ಕೂರ್ವಾಸಿಯೆ ಗ್ಯಾಲರಿ 1938ರಲ್ಲಿ ಡಿಸ್ನಿಯ ಸೆಲ್‌ಗಳನ್ನು ಕಲಾಕೃತಿಗಳೆಂದು ಮಾರಲು ತೊಡಗಿದ ಮೇಲೆ ದೃಷ್ಟಿ ಬದಲಾಯಿತು. ಇಂದು ಜಾಲದಲ್ಲಿ ಮಾರಾಟಕ್ಕೆ ಕಾಣುವ ಎಷ್ಟೋ ಸೆಲ್‌ಗಳು ಅಲಂಕಾರಕ್ಕೆಂದು ಅಚ್ಚುಹಾಕಿದ ಪ್ರತಿಗಳು, ಕ್ಯಾಮೆರಾದ ಕೆಳಗೆ ಒಮ್ಮೆಯೂ ಹೋಗದವು.

ಇನ್ನೊಂದು ಮಾತು, ಸೊಬಗಿನ ಚರ್ಚೆಯಲ್ಲಿ ಇದನ್ನು ಯಾರೂ ಎತ್ತುವುದಿಲ್ಲ. ಆ ಕಾಲದ ಅಮೆರಿಕದ ಕಾರ್ಟೂನುಗಳಲ್ಲಿ ಕರಿಯ ಜನರನ್ನು ದಪ್ಪ ತುಟಿಯ ವ್ಯಂಗ್ಯಚಿತ್ರಗಳಾಗಿ ಹೀಯಾಳಿಸಿದ್ದು ಸಾಮಾನ್ಯ. ಮಕ್ಕಳನ್ನು ಕೂರಿಸಿ ತೋರಿಸುವ ಮೊದಲು ನೀವೊಬ್ಬರೇ ಪೂರ್ತಿ ನೋಡಿ. ನಾಶ ಮಾಡಿ ಎನ್ನುತ್ತಿಲ್ಲ, ಕಣ್ಣು ಮುಚ್ಚಿಕೊಂಡು ಮುದ್ದು ಮಾಡಬೇಡಿ ಎನ್ನುತ್ತಿದ್ದೇನೆ.

ಪ್ರಭಾತ್ ರಸ್ತೆ ವಾಸಿ

ಪುಣೆಯಲ್ಲಿದ್ದುಕೊಂಡು ಈ ಚರ್ಚೆ ನಡೆಯುವಾಗ ನಮ್ಮ ನೆಲದ ಕಥೆಯನ್ನು ಬಿಡುವುದು ಸರಿಯಲ್ಲ. ದಾದಾಸಾಹೇಬ್ ಫಾಲ್ಕೆ 1915ರಲ್ಲಿ ಬೆಂಕಿಕಡ್ಡಿಗಳನ್ನು ಒಂದೊಂದೇ ಚೌಕಟ್ಟಿಗೆ ಸರಿಸಿ ಚಲಿಸುವಂತೆ ಮಾಡಿದ ‘ಆಗಕಾಡ್ಯಾಂಚಿ ಮೌಜ್’ ಇಂದು ಉಳಿದಿಲ್ಲ. ಪ್ರಭಾತ್ ಚಲನಚಿತ್ರ ಕಂಪನಿ 1933ರಲ್ಲಿ ಕೊಲ್ಹಾಪುರದಿಂದ ಇಲ್ಲಿಗೆ ಬಂದು, ಅದೇ ದಶಕದಲ್ಲಿ ‘ಜಂಬೂ ಕಾಕಾ’ ಎಂಬ ನರಿಯ ಕಾರ್ಟೂನು ಮಾಡಿತು. ಅದೇ ಅಂಗಳದಲ್ಲಿ ಈಗ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ, ನಡೆದುಹೋಗುವಷ್ಟು ಹತ್ತಿರದಲ್ಲಿ 1964ರಲ್ಲಿ ಆರಂಭವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವಿದೆ.

ನಿಮ್ಮ ಪಟ್ಟಿಯಲ್ಲಿ ನನ್ನ ಕಣ್ಣು ನಿಂತದ್ದು ‘ಆಲದ ಜಿಂಕೆ’ಯ ಮೇಲೆ. ಕೇಂದ್ರ ಸರ್ಕಾರದ ಚಿತ್ರನಿರ್ಮಾಣ ಸಂಸ್ಥೆಯಾಗಿದ್ದ ಮುಂಬೈನ ಫಿಲ್ಮ್ಸ್ ಡಿವಿಷನ್‌ಗೆ ಡಿಸ್ನಿಯಲ್ಲಿ ಕೆಲಸ ಮಾಡಿದ್ದ ಕ್ಲೇರ್ ವೀಕ್ಸ್ 1956ರಲ್ಲಿ ಬಂದು ಇಲ್ಲಿನವರಿಗೆ ತರಬೇತಿ ಕೊಟ್ಟರು. ಅದರ ಫಲವೇ 1957ರ ‘ಬ್ಯಾನಿಯನ್ ಡಿಯರ್’, ಜಾತಕ ಕಥೆಯೊಂದರ ಕಾರ್ಟೂನು. ಆ ಡಬ್ಬಿಯನ್ನು ಮೊದಲು ತೆರೆಯಿರಿ. ಅದೇ ಆಗಿದ್ದರೆ ನಿಮ್ಮ ಅಮೆರಿಕದ ಬೆಕ್ಕು ನಾಯಿಗಳಿಗಿಂತ ಅದರ ಮೇಲೆ ನನಗೆ ಹೆಚ್ಚು ಆಸೆ.

ಕೋಥರೂಡಿನ ಧಾರವಾಡದವ

ಎಲ್ಲರಿಗೂ ಕೃತಜ್ಞತೆಗಳು. ಎರಡು ಭಾನುವಾರ ಕುಳಿತು ಹೇಳಿದಂತೆ ಮಾಡಿದೆ. ತಗಡನ್ನು ಜುನಾ ಬಜಾರಿಗೆ ಕೊಡಿ ಎಂದವಳೇ ಭೂತಗನ್ನಡಿ ಹಿಡಿದು ಪಕ್ಕದಲ್ಲಿ ಕುಳಿತಳು.

ನಾರುವುದು ಎರಡು ರೀಲು ಮಾತ್ರ. ಅವನ್ನು ಬಾಲ್ಕನಿಯ ನೆರಳಿನಲ್ಲಿ ಬೇರೆಯಾಗಿ ಇಟ್ಟಿದ್ದೇನೆ. ದುರ್ದೈವವೆಂದರೆ ಅವುಗಳಲ್ಲಿ ಒಂದು ಕೋಡಂಗಿಯದು, ಅದರ ಅಂಚು ಆಗಲೇ ಹಪ್ಪಳದಂತೆ ಅಲೆಯಾಗಿದೆ. ಹೂವು, ಮರದ ರೀಲು ಲೆಕ್ಕಿಗರು ಹೇಳಿದಂತೆ ಆದಿಯಿಂದ ಅಂತ್ಯದವರೆಗೆ ಗುಲಾಬಿ. ಮಾವ ಚೀಟಿಯಲ್ಲಿ ‘ಬಣ್ಣದ್ದು’ ಎಂದು ಬರೆದ ದಿನ ಅದು ಹಾಗಿರಲಿಲ್ಲವೆಂದು ನೆನೆದು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಮೂಳೆಗಳ ಕುಣಿತಕ್ಕೆ ಎರಡೂ ಅಂಚಿನಲ್ಲಿ ತೂತುಗಳಿವೆ, ಅಂದರೆ ಕುಣಿತವಿದೆ, ಚೆಂಡೆ ಇಲ್ಲ. ಹಾಗಾದರೆ ಅಂಗಳದಲ್ಲಿ ನಾವು ಕೇಳಿದ ಸಂಗೀತ ಯಾವುದೆಂದು ತಾಯಿಗೆ ಫೋನ್ ಮಾಡಿ ಕೇಳಿದಾಗ ತಿಳಿಯಿತು: ಮಾವ ಪ್ರೊಜೆಕ್ಟರಿನ ಪಕ್ಕದಲ್ಲಿ ನಿಂತು ಸ್ಟೀಲಿನ ತಟ್ಟೆಯ ಮೇಲೆ ಎರಡು ಚಮಚಗಳಿಂದ ತಾಳ ಹಾಕುತ್ತಿದ್ದರಂತೆ.

ಕಪ್ಪು ಬೆಕ್ಕು ಚೆನ್ನಾಗಿದೆ. ವಾಸನೆಯಿಲ್ಲ, ಅಂಚಿನ ಅಕ್ಷರ ಕಪ್ಪು, ಪಕ್ಕದಲ್ಲಿ ಒಂದು ವೃತ್ತ, ಒಂದು ಚೌಕ. ಮೊದಲ ಮೂರು ಅಡಿ ಎಂದಿದ್ದಿರಿ, ತಡೆಯಲಾರದೆ ಹತ್ತು ಅಡಿ ಬಿಚ್ಚಿದೆವು, ಕ್ಷಮಿಸಿ. ಮಗಳು ಒಂದೊಂದೇ ಚೌಕಟ್ಟನ್ನು ನೋಡುತ್ತ ಬಂದು, ಬಾಲ ಮೈಯಿಂದ ಬೇರೆಯಾಗುವ ಚೌಕಟ್ಟಿನಲ್ಲಿ ನಿಂತಳು. ಅಲ್ಲಿ ಬಾಲಕ್ಕೂ ಬೆಕ್ಕಿಗೂ ನಡುವೆ ಕೂದಲೆಳೆಯಷ್ಟು ಬಿಳಿ ಗೆರೆ ಇದೆ, ಹಿಂದಿನ ಚೌಕಟ್ಟಿನಲ್ಲಿ ಇಲ್ಲ. ಮೊಬೈಲಿನಲ್ಲಿ ಅದು ಕಾಣುವುದೇ ಇಲ್ಲ ಅಪ್ಪ ಎಂದಳು.

ಆಲದ ಜಿಂಕೆಯ ಡಬ್ಬಿ ಖಾಲಿ. ಒಳಗೆ ಮಾವನ ಕೈಬರಹದಲ್ಲಿ ಒಂದು ಚೀಟಿ: ‘ವಾಪಸು ಕೊಟ್ಟಾಯಿತು. ಮತ್ತೊಮ್ಮೆ ತರಬೇಕು.’

ಪ್ರಭಾತ್ ರಸ್ತೆ ವಾಸಿ

ಆ ಡಬ್ಬಿಯನ್ನೂ ಚೀಟಿಯನ್ನೂ ಎಸೆಯಬೇಡಿ. ಕೋಡಂಗಿಯ ರೀಲನ್ನು ಮಾತ್ರ ತಡಮಾಡದೆ ಸ್ಕ್ಯಾನ್ ಮಾಡಿಸಿ. ಅಲೆಯಾದ ಫಿಲ್ಮು ಮೊದಲಿನಂತಾಗುವುದಿಲ್ಲ, ಹಲ್ಲುಗಳಿಲ್ಲದ ಉರುಳೆಗಳ ಸ್ಕ್ಯಾನರಿನಲ್ಲಿ ಇನ್ನೊಮ್ಮೆ ಓಡುವಷ್ಟು ಜೀವ ಅದಕ್ಕಿರಬಹುದು.

ಮಾಟುಂಗಾ ಆಪರೇಟರ್

ವೃತ್ತ, ಚೌಕ ಯಾವ ಕ್ರಮದಲ್ಲಿವೆ, ಒಳಗೆ ತುಂಬಿವೆಯೋ ಟೊಳ್ಳೋ ಎಂದು ಫೋಟೋ ತೆಗೆದು ಇಲ್ಲಿ ತೋರಿಸಿ, ನನ್ನ ಹಳೆಯ ಪಟ್ಟಿಯಲ್ಲಿ ನೋಡಿ ಹೇಳುತ್ತೇನೆ. ಮಳೆ ನಿಂತ ಮೇಲೆ ಬೆಕ್ಕನ್ನೂ ಮೂಳೆಗಳನ್ನೂ ಮಾಟುಂಗಾಕ್ಕೆ ತನ್ನಿ. ನನ್ನ ಬಳಿ ವೇಗ ತಗ್ಗಿಸಬಹುದಾದ ಯಂತ್ರವಿದೆ. ಬೆಕ್ಕನ್ನು ಸೆಕೆಂಡಿಗೆ 24 ಚೌಕಟ್ಟಿನಲ್ಲಿ ಓಡಿಸಿದರೆ ಓಡಿಹೋಗುತ್ತದೆ, 16ರಿಂದ 18ರಲ್ಲಿ ನಡೆಸಬೇಕು. ಸೆಡೆತವನ್ನು ಅಳೆದ ಮೇಲೆಯೇ ಹಾಕುವುದು, ಆ ಭರವಸೆ ನನ್ನದು. ನಾರುವ ಎರಡನ್ನು ಮನೆಯಲ್ಲೇ ಬಿಟ್ಟು ಬನ್ನಿ, ಒಂದು ಖಾಲಿ ರೀಲು ಜೊತೆಗಿರಲಿ. ಪಂಚೆ ನನ್ನಲ್ಲಿದೆ, ತಟ್ಟೆ, ಚಮಚ ನಿಮ್ಮ ತಾಯಿಯವರಿಂದ ತನ್ನಿ.